ಕಾಶಿಯಲ್ಲಿ ಬಿಟ್ಟ ಬದನೆಕಾಯಿ

ಎದುರುಮನೆಯಿಂದ ಬದನೆಕಾಯಿ ಎಣ್ಣೆಗಾಯಿಯ ಘಮ ಬರುತ್ತಿದೆ. ಸಂಜೆ ಅಲ್ಲಿ ಮಗುವಿಗೆ ಹೆಸರಿಡುವ ಬಾರಸೆ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಊರಲ್ಲಿಲ್ಲ, ‘ನೀನೇ ಹೇಳು’ ಎಂದು ಆ ಮನೆಯ ನನ್ನ ಮರಾಠಿ ಗೆಳತಿ ಮೊನ್ನೆ ಕೇಳಿದ್ದಳು. ನಾನು ತಲೆನೋವಿನ ನೆಪ ಹೇಳಿ ಜಾರಿಕೊಂಡಿದ್ದೆ. ಬಾರಸೆ ಎಂದರೆ ನನಗೆ ಮೊದಲಿನಿಂದಲೂ ತಲೆನೋವು.

ಈ ಘಮಕ್ಕೆ ನೆನಪಾದವರು ಗದಗಿನ ಸುಶೀಲಾಬಾಯಿ. ನಾವು ಮಗರಪಟ್ಟಾದ ಈ ಮನೆಗೆ ಬರುವ ಮುಂಚೆ ನಿಗಡಿಯಲ್ಲಿದ್ದಾಗ, ಶನಿವಾರ ಮಧ್ಯಾಹ್ನ ನಾಲ್ಕಾರು ಕನ್ನಡದ ಹೆಂಗಸರಿಗೆ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಇಂಗ್ಲಿಷೇನು ಮಹಾ! ಹಾಳೂರಿಗೆ ಉಳಿದವನೇ ಗೌಡ, ಅಷ್ಟೆ.

ಅವತ್ತಿನ ಪಾಠ ‘ಗಿವ್ ಅಪ್’. ಬಿಟ್ಟುಬಿಡುವುದು, ಸೋತು ಕೈಚೆಲ್ಲುವುದು ಎಂದು ವಿವರಿಸಿ, ಬೋರ್ಡಿನ ಮೇಲೆ ‘ನೆವರ್ ಗಿವ್ ಅಪ್’ ಎಂದು ದೊಡ್ಡದಾಗಿ ಬರೆದೆ. ಆಗ ನನಗೆ ಎಲ್ಲರೂ ಹೇಳುತ್ತಿದ್ದುದು ಅದನ್ನೇ. ಮಗುವಿಗಾಗಿ ವರ್ಷಗಟ್ಟಲೆ ಆಸ್ಪತ್ರೆಗೆ ಅಲೆದು, ಪ್ರತಿ ಸಲವೂ ಅತ್ತುಕೊಂಡು ಮನೆಗೆ ಬರುತ್ತಿದ್ದೆ.

ಸುಶೀಲಾಬಾಯಿ ಎದ್ದು ನಿಂತು ತಮ್ಮ ವಾಕ್ಯ ಒಪ್ಪಿಸಿದರು. “ಐ ಗೇವ್ ಅಪ್ ಬದನಿಕಾಯಿ ಇನ್ ಕಾಶಿ!”

ಕಾಶಿಗೆ ಹೋದವರು ಇಷ್ಟದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕಲ್ಲ, ಆ ಬಿಡುವುದು.

“ನಮ್ಮ ಯಜಮಾನ್ರು ಭಾಳ ಶಾಣ್ಯಾರ‍್ರೀ. ಹಾಗಲಕಾಯಿ ಬಿಟ್ರು. ಹುಟ್ಟಿದಾಗಿಂದ ಅದನ್ನ ಮುಟ್ಟಿದವರಲ್ಲ!”

ನಗು ನಿಂತ ಮೇಲೆ ನಾನು ಟೀಚರ್ ಗತ್ತಿನಲ್ಲಿ ಕೇಳಿದೆ. “ಹಾಗಾದ್ರೆ ನೀವು ಸೋತ ಹಾಗಾಯ್ತಲ್ಲ?”

“ಸೋಲು ಎಲ್ಲಿಂದ ಬಂತ್ರೀ? ಪ್ರೀತಿದ್ದನ್ನ ಕೈಯಾರೆ ಬಿಟ್ಟು ಬಂದೀನಿ. ಮಂದಿಗೆ ಮಾಡಿ ಹಾಕಬ್ಯಾಡ ಅಂತ ವಿಶ್ವನಾಥ ಏನ್ ಹೇಳಿಲ್ಲಲ್ಲ!”

ಮುಂದಿನ ಶನಿವಾರ ಡಬ್ಬಿ ತುಂಬ ಎಣ್ಣೆಗಾಯಿ ತಂದರು. “ಉಪ್ಪು ನೀವ ನೋಡ್ರಿ. ನಾ ರುಚಿ ನೋಡಂಗಿಲ್ಲ.” ನಾನು ತಿನ್ನುವುದನ್ನು ಅವರು ಮುಖವರಳಿಸಿ ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಖಾರ ಎಂದೆ.

ಮನೆಗೆ ಹೋಗಿ ಗಂಡನಿಗೆ “ಇನ್ನು ಆಸ್ಪತ್ರೆ ಸಾಕು” ಎಂದೆ. ಅವನು ನನ್ನ ಮುಖ ನೋಡಿದ, ಎದ್ದು ಹೋಗಿ ಕುಕ್ಕರ್ ಇಟ್ಟ. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಸುಶೀಲಾಬಾಯಿ ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ನಾನು ಕಲಿತಿದ್ದೆ ಎಂದು ಈಗ ಅನ್ನಿಸುತ್ತಿದೆ. ಬಿಡಬೇಕಾದದ್ದನ್ನು ಬಿಟ್ಟೆ, ಸರಿ. ಇನ್ನೊಬ್ಬರ ತೊಟ್ಟಿಲ ಹತ್ತಿರ ಹೋಗಬೇಡ ಎಂದು ನನಗೆ ಯಾರು ಹೇಳಿದ್ದರು?

ಎದ್ದು ಎದುರುಮನೆಯ ಬೆಲ್ ಒತ್ತಿದೆ. ಗೆಳತಿ ಸೌಟು ಹಿಡಿದೇ ಬಾಗಿಲು ತೆರೆದಳು.

“ಹೆಸರು ಏನಿಡ್ತೀರಿ, ಈಗಲೇ ಹೇಳಿಬಿಡು” ಎಂದೆ. “ಸಂಜೆ ಕಿವಿಯಲ್ಲಿ ಹೇಳುವಾಗ ತಪ್ಪಬಾರದು.”