ಗುಲ್ಜಾರಬೀಯ ಬಲ ಮೊಣಕಾಲು

ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲಿಯುವುದರಲ್ಲಿ ಗುಲ್ಜಾರಬೀಯನ್ನು ಮೀರಿಸುವವರು ಬಳ್ಳಾರಿಯ ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ಬೇರೆಯವರು ಹೇಳುವ ಮೊದಲೇ ಅವಳೇ ಹೇಳುತ್ತಿದ್ದಳು. ಕುರುಗೋಡಿನಿಂದ ದಿನಾ ಬೆಳಗಿನ ಬಸ್ಸಿಗೆ ಬಂದು ಕೂತರೆ ಸಂಜೆಯೊಳಗೆ ಎಂಬತ್ತು ಪ್ಯಾಂಟಿಗೆ ಜೇಬು ಕೂರಿಸಿಯೇ ಏಳುವುದು. ಒಂದರ ಮೂಲೆಯೂ ವಾರೆಯಾಗುತ್ತಿರಲಿಲ್ಲ. ಗಂಡ ಲಾಲಸಾಬ್ ಊರಲ್ಲಿ ಬೀಗ, ಛತ್ರಿ ರಿಪೇರಿ ಮಾಡುವವನು, ಮೆತ್ತಗಿನ ಮನುಷ್ಯ. ಆ ಮನೆಯ ಬಾಯಿಯೂ ಅವಳೇ, ಧೈರ್ಯವೂ ಅವಳೇ.

ಎರಡು ವರ್ಷದ ಹಿಂದೆ ಒಂದು ಸಂಜೆ ಕುರುಗೋಡಿನಲ್ಲಿ ಬಸ್ಸಿಳಿದು ಒಂದು ಹೆಜ್ಜೆ ಇಟ್ಟಿದ್ದಳಷ್ಟೆ. ಭತ್ತ ಹೇರಿದ ಲಾರಿಯೊಂದು ನಿಂತ ಬಸ್ಸಿನ ಎಡಮಗ್ಗುಲಿನಿಂದಲೇ ನುಗ್ಗಿ ಬಂತು. ಅವಳ ಬಲ ಮೊಣಕಾಲಿನ ಚಿಪ್ಪು ಮೂರು ಚೂರಾಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ತಂತಿ ಬಿಗಿದು ಕೂಡಿಸಿದರು. ನಾಲ್ಕು ತಿಂಗಳ ಮೇಲೆ ನಡೆಯಲು ಬಂತು. ಆದರೆ ಕಾಲನ್ನು ಅರ್ಧಕ್ಕಿಂತ ಹೆಚ್ಚು ಮಡಿಚಲು ಬರುತ್ತಿರಲಿಲ್ಲ, ಪಕ್ಕಕ್ಕೆ ನೂಕಿದರೆ ಜೀವ ಹೋದಂತೆ ನೋವು.

ಅವಳಿನ್ನೂ ಹಾಸಿಗೆಯಲ್ಲಿದ್ದಾಗಲೇ ಲಾರಿಯ ಮಾಲೀಕ ಪಕ್ಕೀರಪ್ಪ ಸಿರುಗುಪ್ಪದಿಂದ ಬಂದ. ಒಂದು ಚೀಲ ಮೋಸಂಬಿ, ಜೊತೆಗೆ ಛಾಪಾ ಕಾಗದ ತಂದಿದ್ದ.

"ಐವತ್ತು ಸಾವಿರ ಕೊಡ್ತೀನವ್ವ. ಕೋರ್ಟು ಕಚೇರಿ ಅಂತ ಯಾಕ ಅಲೆದಾಡ್ತಿ? ಬಸ್ ಇಳಿಯುವಾಗ ಕಾಲು ಜಾರಿ ನಾನೇ ಬಿದ್ದೆ ಅಂತ ಒಂದು ಸಹಿ ಹಾಕಿಬಿಡು, ಮುಗೀತು."

ಲಾಲಸಾಬ್ ಹೆಂಡತಿಯ ಮುಖ ನೋಡಿದ. ಐವತ್ತು ಸಾವಿರ ಅವನಿಗೆ ಸಣ್ಣ ಮಾತಲ್ಲ.

"ನಾ ಬಿದ್ದಿಲ್ರಿ ಅಪ್ಪಾರ," ಎಂದಳು ಗುಲ್ಜಾರಬೀ. "ನಿಮ್ಮ ಲಾರಿ ಕೆಡವೈತಿ. ಸುಳ್ಳಿಗೆ ಸಹಿ ಹಾಕಾಕ ನನ್ನ ಕೈಗೇನೂ ಪೆಟ್ಟಾಗಿಲ್ಲ ಖರೆ, ಆದ್ರ ಹಾಕಂಗಿಲ್ಲ. ಹಣ್ಣು ತಂದೀರಿ, ಒಳ್ಳೇದಾತು. ಚಾ ಕುಡದು ಹೋಗ್ರಿ."

ಪಕ್ಕೀರಪ್ಪ ಚಹಾ ಕುಡಿಯದೆ ಎದ್ದುಹೋದ. ಗಂಡ ಗೊಣಗಿದ: "ಬಂದದ್ದನ್ನ ಬಿಟ್ಟಿ ನೋಡು." ಅವಳು ಒಂದು ಮೋಸಂಬಿ ಸುಲಿದು ಅರ್ಧ ಅವನ ಕೈಗಿಟ್ಟಳು.

ಕೋಲು ಹಿಡಿದು ನಡೆಯುವಂತಾದ ವಾರವೇ ಬಳ್ಳಾರಿಗೆ ಹೋಗಿ ವಕೀಲೆ ಶ್ರೀಪ್ರಿಯಾ ಅವರ ಎದುರು ಕೂತಳು. ಪೊಲೀಸರ ಕಾಗದ, ಆಸ್ಪತ್ರೆಯ ಚೀಟಿ ಎಲ್ಲವನ್ನೂ ಒಂದು ಜೀನ್ಸ್ ಬಟ್ಟೆಯ ಚೀಲದಲ್ಲಿ ಜೋಡಿಸಿ ತಂದಿದ್ದಳು. ಶ್ರೀಪ್ರಿಯಾ ಎಲ್ಲ ತಿರುವಿ ನೋಡಿ ಹೇಳಿದರು: "ಲಾರಿಗೆ ವಿಮೆ ಐತಿ. ರೊಕ್ಕ ಕೊಡೋದು ಕಂಪನಿ, ಪಕ್ಕೀರಪ್ಪ ಅಲ್ಲ. ನಮ್ಮ ತೊಂದ್ರಿ ಬ್ಯಾರೆ ಐತ್ರಿ. ನೀವು ದುಡೀತಿದ್ರಿ ಅನ್ನೋದಕ್ಕ ಒಂದು ಕಾಗದಾನೂ ಇಲ್ಲ. ಮನಿಯಾಗ ಕೂತಾಕಿ ಅಂತ ಅವರು ವಾದ ಮಾಡ್ತಾರ."

"ಹನ್ನೆರಡು ವರ್ಷ ಹೊಲಿದೀನ್ರಿ ಅಮ್ಮಾರ!"

"ನನಗ ಗೊತ್ತಾತು. ನ್ಯಾಯಾಧೀಶರಿಗೆ ಗೊತ್ತಾಗಬೇಕಲ್ಲ."

ಗುಲ್ಜಾರಬೀ ಅಲ್ಲಿಂದ ನೇರವಾಗಿ ಕಾರ್ಖಾನೆಗೆ ಹೋದಳು. ಮಾಲೀಕ ಪ್ರದೀಪ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಉಪಚಾರ ಮಾಡಿದ. ಸಾಕ್ಷಿಯ ಮಾತು ಬಂದಕೂಡಲೇ ಹಿಂಜರಿದ. "ನಾ ಅಲ್ಲಿ ಬಂದು ಬಾಯಿ ಬಿಟ್ರ, ಕಾಗದಿಲ್ದ ಕೆಲಸಕ್ಕ ಇಟ್ಟೀ ಅಂತ ನಾಳೆ ಇಲ್ಲಿಗೆ ತಪಾಸಣಿ ಬರ್ತತಿ, ಅಕ್ಕಾ. ನನ್ನ ಬಿಟ್ಟುಬಿಡು."

"ತಪಾಸಣಿಗೆ ಅಂಜ್ತೀರಿ. ನಾಳೆ ಇಲ್ಲಿ ಹೊಲಿಯೋ ದಾಕ್ಷಾಯಣಿಗೋ ಮುನ್ನಿಗೋ ಹಿಂಗ ಆದ್ರ ಅವರಿಗೂ ಇದ ಮಾತು ಹೇಳ್ತೀರೇನು?" ಎಂದಳು. ಹೊಲಿಗೆಯ ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ಯಂತ್ರ ನಿಲ್ಲಿಸಿ ಕೇಳುತ್ತಿದ್ದರು. ಪ್ರದೀಪ ಅವರ ಕಡೆ ಒಮ್ಮೆ ನೋಡಿದ. ಅವನು ಆಗಲೂ ಹೂಂ ಅನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ.

ವಿಚಾರಣೆಯ ದಿನ ಬಂತು. ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿಗೆ ಎದ್ದು ನಿಂತರು.

"ಹೊಲಿಗೆ ಮಾಡುವುದು ಕೈಯಿಂದ. ನಿಮ್ಮ ಎರಡೂ ಕೈ ಚೆನ್ನಾಗಿವೆ. ಹೌದೋ ಅಲ್ಲವೋ?"

"ಹೌದ್ರಿ."

"ಯಂತ್ರ ವಿದ್ಯುತ್ತಿನಿಂದ ಓಡುತ್ತದೆ. ಕಾಲಿನಿಂದ ತುಳಿಯುವ ಹಳೇ ಯಂತ್ರವಲ್ಲ. ಹೌದೋ ಅಲ್ಲವೋ?"

"ಹೌದ್ರಿ."

"ಅಂದಮೇಲೆ ಮೊಣಕಾಲಿಗೂ ಹೊಲಿಗೆಗೂ ಏನು ಸಂಬಂಧ?"

ಆಕ್ಷೇಪ ಎತ್ತಲು ಶ್ರೀಪ್ರಿಯಾ ಕುರ್ಚಿಯಿಂದ ಅರ್ಧ ಎದ್ದರು. ಗುಲ್ಜಾರಬೀ ಮಾತ್ರ ಈ ಪ್ರಶ್ನೆ ಬಂದದ್ದೇ ಒಳ್ಳೆಯದಾಯಿತೆಂಬಂತೆ ನ್ಯಾಯಾಧೀಶರ ಕಡೆ ತಿರುಗಿದಳು.

"ಸಾಹೇಬ್ರ, ಆ ಮಿಷನ್ನಿನ ಬುಡಕ ಒಂದು ತಟ್ಟಿ ಇರ್ತತ್ರಿ. ಬಲಗಾಲಿನ ಮೊಣಕಾಲಿಂದ ಅದನ್ನ ಪಕ್ಕಕ್ಕ ನೂಕಿದ್ರ ಬಟ್ಟಿ ಒತ್ತಿ ಹಿಡದ ಕಬ್ಬಿಣ ಮ್ಯಾಲೆ ಏಳ್ತತಿ. ಅದು ಎದ್ದಾಗ ಬಟ್ಟಿ ತಿರುವಬೇಕು. ಹಿಂದಿನ ಜೇಬಿಗೆ ಕೆಳಗ ಮೂರು ಮೂಲಿ. ಒಂದೊಂದು ಮೂಲಿಗೂ ಮೊಣಕಾಲು ನೂಕಬೇಕು. ಒಂದು ಪ್ಯಾಂಟಿಗೆ ಎರಡು ಜೇಬು, ದಿನಕ್ಕ ಎಂಬತ್ತು ಪ್ಯಾಂಟು. ಎಷ್ಟಾತು ನೀವ ಲೆಕ್ಕ ಹಾಕ್ರಿ. ಕೈಯಿಂದ ಎತ್ತಿದ್ರ ಬಟ್ಟಿ ಜರಗತತಿ, ಮೂಲಿ ಕೆಡತತಿ."

ನ್ಯಾಯಾಧೀಶರು ಪೆನ್ನು ಹಿಡಿದು ಬರೆದುಕೊಂಡರು. "ನಾನೂರ ಎಂಬತ್ತು ಸಲ," ಎಂದರು ಮೆಲ್ಲಗೆ.

"ಹೌದ್ರಿ. ಈಗ ಹತ್ತು ಸಲಕ್ಕ ಕಣ್ಣಾಗ ನೀರು ಬರ್ತಾವು."

ವಕೀಲರು ಇನ್ನೆರಡು ಪ್ರಶ್ನೆ ಕೇಳಿ ಕೂತರು. ಮುಂದಿನ ತಾರೀಖಿಗೆ ಸಾಕ್ಷಿಯನ್ನು ಕೂಗಿದಾಗ, ಬರುತ್ತಾನೆಂದು ಯಾರೂ ನಂಬಿರಲಿಲ್ಲ, ಪ್ರದೀಪ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಬೆವತ ಮುಖ. ಹನ್ನೆರಡು ವರ್ಷ ಗುಲ್ಜಾರಬೀ ತನ್ನಲ್ಲಿ ದುಡಿದದ್ದು ನಿಜ, ತಿಂಗಳಿಗೆ ಹದಿನಾಲ್ಕು ಸಾವಿರದವರೆಗೆ ಕೊಡುತ್ತಿದ್ದದ್ದು ನಿಜ ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಈಕಿ ಬಿಟ್ಟ ಮ್ಯಾಲೆ ಜೇಬು ವಾರೆ ಅಂತ ಎರಡು ಸಲ ಮಾಲು ವಾಪಸ್ ಬಂದೈತ್ರಿ, ಸಾಹೇಬ್ರ," ಎಂದು ತನ್ನ ಸಂಕಟವನ್ನೂ ತೋಡಿಕೊಂಡ. ವಿಮೆಯ ವಕೀಲರೂ ನಕ್ಕರು.

ತೀರ್ಪು ಬಂದದ್ದು ಮೂರು ತಿಂಗಳ ನಂತರ. ವೈದ್ಯರು ಕಾಲಿನ ಊನ ಇಪ್ಪತ್ತು ಪರ್ಸೆಂಟ್ ಎಂದು ಬರೆದಿದ್ದರು. ಈ ಕಸುಬಿನವಳಿಗೆ ಆದ ದುಡಿಮೆಯ ನಷ್ಟ ನಲವತ್ತು ಪರ್ಸೆಂಟ್ ಎಂದು ನ್ಯಾಯಾಧೀಶರು ಹಿಡಿದರು. ಹನ್ನೊಂದು ಲಕ್ಷದ ಮೇಲೆ ಚಿಲ್ಲರೆ, ಜೊತೆಗೆ ಬಡ್ಡಿ. ಅರ್ಧ ಬ್ಯಾಂಕಿನಲ್ಲಿ ಠೇವಣಿಗೆ, ಅರ್ಧ ಕೈಗೆ.

"ಕಂಪನಿಯವರು ಧಾರವಾಡದ ಹೈಕೋರ್ಟಿಗೆ ಹೋದ್ರೂ ಹೋಗಬಹುದು. ಹೋದ್ರ ಇನ್ನೂ ತಡ ಆಗ್ತದ, ತಯಾರಿರ್ರಿ," ಎಂದು ಶ್ರೀಪ್ರಿಯಾ ಎಚ್ಚರಿಸಿದರು.

"ಹೋಗ್ಲಿ ಬಿಡ್ರಿ ಅಮ್ಮಾರ. ಧಾರವಾಡಕ್ಕೂ ಬಸ್ ಅದಾವು."

ಕಂಪನಿ ಹೋಗಲಿಲ್ಲ, ದುಡ್ಡು ಕಟ್ಟಿತು. ಗುಲ್ಜಾರಬೀ ಈಗ ಕುರುಗೋಡಿನ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಯಂತ್ರ ಹಾಕಿಸಿದ್ದಾಳೆ. ಬಟ್ಟೆ ಕತ್ತರಿಸುವುದು, ಗುರುತು ಹಾಕುವುದು ಅವಳ ಪಾಲು, ಅದು ನಿಂತು ಮಾಡುವ ಕೆಲಸ. ಬಾದನಹಟ್ಟಿಯಿಂದ ಬರುವ ಸುಂಕಲಮ್ಮ ಮತ್ತು ಇನ್ನು ಮೂವರು ಹೊಲಿಯುತ್ತಾರೆ. ಜೇಬು ಹೊಲಿಸಿಕೊಳ್ಳಲು ಮಾಲು ಕಳಿಸುವವರಲ್ಲಿ ಪ್ರದೀಪನೇ ಮೊದಲಿಗ. ಕೆಲಸಕ್ಕೆ ಸೇರಿದ ದಿನವೇ ಪ್ರತಿಯೊಬ್ಬಳಿಗೂ ಹೆಸರು, ಕೂಲಿ, ತಾರೀಖು ಬರೆದ ಒಂದು ಕಾಗದವನ್ನು ಗುಲ್ಜಾರಬೀ ಸಹಿ ಮಾಡಿ ಕೊಡುತ್ತಾಳೆ.

"ಇದನ್ನ ಅಕ್ಕಿ ಡಬ್ಬಿಯಾಗ ಇಡಬ್ಯಾಡ್ರಿ, ಹುಳ ತಿಂತಾವು," ಎನ್ನುತ್ತಾಳೆ. "ಟ್ರಂಕಿನಾಗ ಇಡ್ರಿ."