ಎರಡನೇ ಗೇಟಿನಾಚೆ

ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆದಾಗಲೆಲ್ಲ ಆಚೆಯಿಂದ ಸೀಮೆಎಣ್ಣೆಯಂಥ ಒಂದು ವಾಸನೆ ಒಳಗೆ ನುಗ್ಗುತ್ತದೆ. ಬೇರೆಯವರಿಗೆ ಅದು ವಿಮಾನದ ಇಂಧನ. ನನಗೆ ನ್ಯಾಮತಿಯ ಮನೆ. ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದ ದೊಡ್ಡಪ್ಪ ರಜೆಗೆ ಬಂದು ಟ್ರಂಕು ತೆಗೆದರೆ, ಅಡುಗೆಮನೆಯ ಒಗ್ಗರಣೆಯನ್ನೂ ಮೀರಿ ಇದೇ ವಾಸನೆ ನಡುಮನೆ ತುಂಬುತ್ತಿತ್ತು. ದೊಡ್ಡಮ್ಮ ಅವರ ಅಂಗಿಗಳನ್ನು ಹಿತ್ತಲ ತಂತಿಗೆ ಹಾಕುವ ನೆಪದಲ್ಲಿ, ಯಾರೂ ಇಲ್ಲವೆಂದು ಖಾತ್ರಿಯಾದರೆ, ಮುಖಕ್ಕೊತ್ತಿ ಮೂಸುತ್ತಿದ್ದಳು. ನಾನು ನೋಡಿಬಿಟ್ಟಿದ್ದೆ. ಈಗ ಆ ಮನೆ ಕೆಡವಿ ಗೊಬ್ಬರದ ಅಂಗಡಿ ಕಟ್ಟಿದ್ದಾರೆ, ಅವರಿಬ್ಬರೂ ಇಲ್ಲ. ಈ ಹಾಳು ವಾಸನೆ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಎದ್ದು ಅತ್ತಿಂದಿತ್ತ ತಿರುಗುತ್ತೇನೆ.

ನ್ಯಾಮತಿಯ ಮೇಲೆ ಅಪರೂಪಕ್ಕೊಂದು ವಿಮಾನ ಹಾದರೂ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ: ಗಂಡ ಕೆಲಸ ಮಾಡುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು. ಒಂದು ಬೇಸಿಗೆ ನನ್ನನ್ನೂ ಕಟ್ಟಿಕೊಂಡು ಬೀದರಿನ ವಾಯುನೆಲೆಗೆ ಹೋದಳು. ಮೊದಲ ಗೇಟು ದಾಟಿಸಿ ಕ್ವಾರ್ಟರ್ಸಿನವರೆಗೆ ಬಿಟ್ಟರು. ಎರಡನೇ ಗೇಟಿನಾಚೆ ಹೆಂಡತಿಯಾದರೇನು, ದೇವರಾದರೇನು, ಬಿಡುವಂತಿಲ್ಲ. ಈಗಿನ ನಿಲ್ದಾಣಗಳಂತೆ ಯಾವ ವಿಮಾನ ಎಷ್ಟು ಗಂಟೆಗೆ ಎಂದು ಕೂಗಿ ಹೇಳುವವರಿರಲಿಲ್ಲ, ಬೋರ್ಡಿರಲಿಲ್ಲ, ಕಾಫಿಯಿರಲಿಲ್ಲ. ಬೇವಿನ ಮರ, ಮುಳ್ಳುತಂತಿ, ಅಷ್ಟೇ. ಗೂಡಿನಲ್ಲಿಟ್ಟ ಲೋಟಗಳು ಗಲಗಲ ಅಂದವೋ, ಒಂದು ವಿಮಾನ ಮೇಲೆದ್ದಿತು ಎಂದು ಲೆಕ್ಕ. ದಿನವಿಡೀ ಕಿಟಕಿಗೂ ಬಾಗಿಲಿಗೂ ಅಲೆದ ದೊಡ್ಡಮ್ಮ, ಸಂಜೆ ಗಂಡ ಬಂದ ಕೂಡಲೇ ಸಿಡಿಮಿಡಿಗುಟ್ಟುತ್ತಿದ್ದಳು. ಅಲ್ಲೇನೈತೆ ನೋಡಾಕೆ, ಬಿಸಿಲು, ಸದ್ದು ಅಂತ ದೊಡ್ಡಪ್ಪ ರೊಟ್ಟಿ ಮುರಿಯುತ್ತಿದ್ದರು. ನೋಡದೆಯೇ ವಾಪಸು ಬಂದೆವು. ದೊಡ್ಡಪ್ಪ ನಿವೃತ್ತಿಯಾಗಿ ಊರಿಗೆ ಬಂದವರು ಬಹಳ ಕಾಲ ಬದುಕಲಿಲ್ಲ.

ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣವಾದ ಮೇಲೆ ದೊಡ್ಡಮ್ಮನನ್ನು ಹೈದರಾಬಾದಿನ ನನ್ನ ಮನೆಗೆ ಕರೆದುಕೊಂಡು ಹೊರಟೆ. ಟಿಕೆಟ್ ತೋರಿಸಿದ್ದೇ ತಡ, ಕಾವಲಿನ ಹುಡುಗ ಬನ್ನಿ ಅಜ್ಜಿ ಎಂದು ಒಳಗೆ ಬಿಟ್ಟ. ಅವಳಿಗೆ ಸಿಟ್ಟೇ ಬಂತು, ಇಷ್ಟು ಸಲೀಸೇನೇ ಎಂದು. ಇದು ಜನ ಹೋಗಿ ಬರಾಕೆ ಕಟ್ಟಿದ್ದು, ಬೀದರಿಂದು ಜನರನ್ನ ಕಾಯಾಕೆ ಕಟ್ಟಿದ್ದು ಎಂದು ನಾನು ಹೇಳಿದ್ದು ಅವಳ ಕಿವಿಗೇ ಹೋಗಲಿಲ್ಲ.

ವಿಮಾನ ಹೊರಡುವ ಮೊದಲು ಕಿಟಕಿಯಾಚೆ, ರೆಕ್ಕೆಯಿಂದ ಸ್ವಲ್ಪ ದೂರ, ಸದ್ದು ತಡೆಯಲು ಕಿವಿಗೆ ಮುಚ್ಚಳ ಹಾಕಿಕೊಂಡ ನಡುವಯಸ್ಸಿನ ಒಬ್ಬ ಕೆಲಸಗಾರ ಉರಿಬಿಸಿಲಲ್ಲಿ ನಿಂತಿದ್ದ. ಎಲ್ಲ ಸರಿಯಿದೆ ಎಂಬಂತೆ ಕೈಯೆತ್ತಿ ತೋರಿಸಿದ. ದೊಡ್ಡಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

"ನಿಮ್ಮ ದೊಡ್ಡಪ್ಪ ಹಿಂಗೇ ನಿಂತಿರ್ತಿದ್ರೇನೇ?"

ನನಗೇನು ಗೊತ್ತು. ಆದರೂ ಹೂಂ ಅಂದೆ. ವಿಮಾನ ಓಡಿತು, ಎದ್ದಿತು, ಕೆರೆ, ತೋಟ, ರಸ್ತೆ ಎಲ್ಲ ಸಣ್ಣಗಾದವು. ಮೋಡ ನೋಡು ದೊಡ್ಡಮ್ಮ ಅಂದರೆ ನೋಡಲಿಲ್ಲ. ಗಾಜಿಗೆ ಹಣೆಯೊತ್ತಿ, ಆ ಮನುಷ್ಯ ನಿಂತಿದ್ದ ಕಡೆಗೇ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಕೂತಿದ್ದವಳು, ಹೈದರಾಬಾದು ಬರುವವರೆಗೂ ಮುಂದಕ್ಕೆ ನೋಡಲೇ ಇಲ್ಲ.