ಸೋಮವಾರ ಉಳಿಸಿದ ಕೋಳಿ

ನಾನು ಅಕ್ಕೋಳದಿಂದ ಕರೋಶಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆ ಮನೆಯಲ್ಲಿ ಹೊಲ ಮಾವನದು, ಎಮ್ಮೆಗಳು ಅತ್ತೆಯವು, ರೇಡಿಯೋ ಮೈದುನನದು, ನನ್ನ ಗಂಡ ಆ ಮೂವರದ್ದೂ. ನನ್ನದು ಅಂತ ಇದ್ದದ್ದು ಒಂದೇ ಒಂದು ಕೋಳಿ.

ತವರಿನಿಂದ ಹೊರಡುವಾಗ ಅವ್ವ ಅದರ ಕಾಲು ಕಟ್ಟಿ ನನ್ನ ಮಡಿಲಿಗೆ ಹಾಕಿದ್ದಳು. ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿ ಕರೋಶಿ ಮುಟ್ಟುವ ತನಕ ಕಂಡಕ್ಟರನ ಬಾಯಿಂದ ಕೋಳಿಯೂ ನಾನೂ ಸಮಸಮ ಬೈಗುಳ ತಿಂದೆವು. ಅತ್ತೆ ಅದನ್ನು ನೋಡಿ, "ಬಂಗಾರ ಹಾಕಿ ಕಳಸ್ತಾರಂತ ಮಾಡಿದ್ದೆ, ಪುಚ್ಚ ಹಾಕಿ ಕಳಿಸ್ಯಾರ" ಅಂದಿದ್ದರು. ಪುಕ್ಕವೋ ಬಂಗಾರವೋ, ಅನ್ನಲಿ ಬಿಡಿ. ಆ ಪುಚ್ಚದ ಕೋಳಿಯ ತತ್ತಿ ಮಾರಿಯೇ ನಾನು ಬಳೆ ಇಟ್ಟುಕೊಳ್ಳುತ್ತಿದ್ದೆ, ತಲೆಗೆ ಎಣ್ಣೆ ತರಿಸುತ್ತಿದ್ದೆ. ಯಾರ ಮುಂದೆಯೂ ಕೈಚಾಚುವ ಪ್ರಸಂಗ ಬರುತ್ತಿರಲಿಲ್ಲ. ಅದು ಹೋದರೆ ಒಂದು ಪಿನ್ನು ಬೇಕಾದರೂ ಅತ್ತೆಯ ಸೆರಗಿನ ಗಂಟು ನೋಡುತ್ತ ನಿಲ್ಲಬೇಕಾಗಿತ್ತು.

ಒಂದು ಮುಂಜಾನೆ ಬುಟ್ಟಿ ಎತ್ತಿದರೆ ಅತ್ತೆಯ ಕೋಳಿಗಳೆಲ್ಲ ಹೊರಗೆ ಓಡಿದವು, ನನ್ನದು ಮಾತ್ರ ಮುದುಡಿಕೊಂಡು ಕೂತಿತ್ತು. ಎತ್ತಿಕೊಂಡು ಕೊರಳ ಕೆಳಗೆ ಮುಟ್ಟಿ ನೋಡಿದೆ. ತಿಂದ ಕಾಳು ಮೊದಲು ಹೋಗಿ ಸೇರುವ ಚೀಲ ನಿಂಬೆಕಾಯಿಯಂತೆ ಗಟ್ಟಿಯಾಗಿ ಉಬ್ಬಿತ್ತು. ಹಿಂದಿನ ದಿನ ತಿಂದದ್ದೆಲ್ಲ ಅಲ್ಲೇ ಸಿಕ್ಕಿಕೊಂಡಿತ್ತು. ಕೊಕ್ಕು ಬಿಚ್ಚಿದರೆ ಹುಳಿ ವಾಸನೆ.

ಅತ್ತೆ ದೂರದಿಂದಲೇ ನೋಡಿ ತೀರ್ಪು ಕೊಟ್ಟರು. "ಇದು ಸಾಯತೈತಿ. ಸಾಯೂ ಮದಲ ಕೊಯ್ದ್ರ ಒಂದ ಊಟಕ್ಕರ ಆಗತೈತಿ."

ಅಷ್ಟು ಕೇಳಿದ್ದೇ ತಡ, ಮೈದುನ ಚೂರಿ ಹುಡುಕಲು ಓಡಿದ. ದನಕ್ಕೆ ಮೇವು ಹಾಕು ಎಂದು ಹತ್ತು ಸಲ ಕೂಗಿದರೂ ಹಾಸಿಗೆ ಬಿಟ್ಟೇಳದ ಗಂಡಸು! ನನ್ನ ಗಂಡ, "ಒಣಕೊಬ್ಬರಿ ಐತಿಲ್ಲ?" ಎಂದು ಕೇಳಿದ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದು ಅವನಿಗೆ ಕಾಣಲಿಲ್ಲ. ಅವನಿಗೆ ಕಂಡದ್ದು ಕೋಳಿಯ ಖಾರ ರಸ್ಸಾ.

ಅಷ್ಟರಲ್ಲಿ ದೇವರ ಜಗಲಿಯ ಮುಂದೆ ಕೂತಿದ್ದ ಮಾವ ಕೂಗಿದರು. "ಏ, ತಲಿ ನೆಟ್ಟಗೈತೇನ? ಇವತ್ತ ಸೋಮವಾರ!"

ಚೂರಿ ಹಿಡಿದು ಬಂದ ಮೈದುನ ಅದನ್ನು ಕೆಳಗಿಟ್ಟ. ಸೋಮವಾರ ಆ ಮನೆಯಲ್ಲಿ ಮಾಂಸದ ಮಾತೇ ಇಲ್ಲ. ಸತ್ತ ಕೋಳಿಯನ್ನಂತೂ ಯಾವ ವಾರವೂ ತಿನ್ನುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಬೇಕಾದರೆ ಕೋಳಿ ಮಂಗಳವಾರದ ತನಕ ಉಸಿರು ಹಿಡಿದುಕೊಂಡಿರಬೇಕು.

ಅಲ್ಲಿಂದ ಶುರುವಾಯಿತು ನೋಡಿ ಉಪಚಾರ. ಅಬಬಬ! ಯಾವ ಬಾಣಂತಿಗೂ ಅಂಥ ಸೇವೆ ಸಿಕ್ಕಿರಲಿಕ್ಕಿಲ್ಲ. ಎಮ್ಮೆಯ ತುಪ್ಪವನ್ನೂ ಅಳೆದು ಬಡಿಸುವ ಅತ್ತೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಾವೇ ಕೊಕ್ಕಿನೊಳಗೆ ಹನಿಸಿದರು. ಮೈದುನ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಉಬ್ಬಿದ ಚೀಲವನ್ನು ಮೆಲ್ಲಗೆ ತಿಕ್ಕಿದ. ಮಾವ ಹೊಲಕ್ಕೆ ಹೋದವರು ನಡುವೆ ಎರಡು ಸಲ ಬಂದು, "ಹೆಂಗೈತವಾ?" ಎಂದು ಕೇಳಿದರು. ಗಂಡನಂತೂ ತಾಸಿಗೊಮ್ಮೆ ಹಾಜರು. "ನಾಳಿ ತನಕ ತಡೀತೈತಲ್ಲ?" ಎಂದು ಕೇಳುವಾಗ ಅವನ ದನಿಯಲ್ಲಿ ಇದ್ದ ಮೃದುತನ ಮದುವೆಯಾದಂದಿನಿಂದ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನವಾದರೂ ಚೀಲ ಕರಗಲಿಲ್ಲ. ಕೋಳಿ ಕತ್ತು ಇಳಿಬಿಟ್ಟಿತು. ಅವ್ವ ಇಂಥ ಕೋಳಿಯ ಚೀಲ ಕೊಯ್ದು ಹೊಲಿಯುವುದನ್ನು ನಾನು ನೋಡಿದ್ದೆ. "ಕೊಯ್ದು ತಗೀತೀನ್ರಿ" ಎಂದೆ.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಸ್ವಾಮಾರ ದಿವ್ಸ ಮನ್ಯಾಗ ರಗತಾ ಹರಸ್ತೀ ಏನ ಬೇ?"

"ಕೊಲ್ಲಾಕ ಅಲ್ರೀ ಅತ್ತಿ, ಬದಕಸಾಕ."

ಧರ್ಮಸೂಕ್ಷ್ಮ ಊಟಕ್ಕೆ ಬಂದಿದ್ದ ಮಾವನ ಮುಂದೆ ಹೋಯಿತು. ಅವರು ಮೀಸೆ ತಿರುವಿದರು, ಕೋಳಿಯ ಕಡೆ ನೋಡಿದರು, ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿದರು. "ಔಷಧಕ್ಕ ಕೊಯ್ದ್ರ ದೋಷ ಇಲ್ಲ" ಎಂದರು. ದೇವರಿಗಿಂತ ನಾಲಿಗೆ ದೊಡ್ಡದೆಂದು ನನಗೆ ಅಂದೇ ಗೊತ್ತಾಯಿತು.

ಮೈದುನ ದಾಡಿಗೆಂದು ಬಚ್ಚಿಟ್ಟುಕೊಂಡಿದ್ದ ಹೊಸ ಬ್ಲೇಡು ತಂದುಕೊಟ್ಟ. "ತಗೋರಿ ವೈನಿ." ಅಣ್ಣನಿಗೂ ಕೊಡದ ಬ್ಲೇಡದು. ಗಂಡ ರೆಕ್ಕೆ ಒತ್ತಿ ಹಿಡಿದ, ಅತ್ತೆ ಕಾಲು ಹಿಡಿದರು. ಎದೆಯ ಪುಚ್ಚ ಕಿತ್ತು, ಅರಿಶಿನದ ನೀರಿನಿಂದ ತೊಳೆದು, ಬೆಂಕಿಗೆ ಹಿಡಿದ ಬ್ಲೇಡಿನಿಂದ ಮೊದಲು ತೊಗಲು, ಆಮೇಲೆ ಚೀಲ, ಸ್ವಲ್ಪವೇ ಸ್ವಲ್ಪ ಕೊಯ್ದೆ. ಸತ್ತರೆ ಅವರಿಗೆ ಒಂದು ಊಟ ಹೋಗುತ್ತಿತ್ತು, ನನಗೆ ಇದ್ದದ್ದೇ ಹೋಗುತ್ತಿತ್ತು.

ಒಳಗಿಂದ ಹುಲ್ಲಿನ ಎಳೆಗಳು ಸುತಳಿಯ ತುಂಡಿಗೆ ಸುತ್ತಿಕೊಂಡು ಗಂಟಾಗಿ ಬಂದವು. ಜೊತೆಗೆ ಕೊಳೆತ ಜೋಳ, ಮೈದುನನ ಅಂಗಿಯ ಗುಂಡಿ. ಎಲ್ಲ ತೆಗೆದು, ಉಪ್ಪುನೀರಿನಿಂದ ತೊಳೆದು, ಕುಬುಸ ಹೊಲಿಯುವ ದಾರದಿಂದ ಚೀಲ ಬೇರೆ, ತೊಗಲು ಬೇರೆ ಹೊಲಿದೆ. ಮೇಲೆ ಅರಿಶಿನ ಮೆತ್ತಿದೆ. ಸಂಜೆಗೆ ತೆಳ್ಳನೆ ಮಜ್ಜಿಗೆ ಹನಿಸಿದರೆ ನುಂಗಿತು. ಎಲ್ಲರೂ ಸಮಾಧಾನದಿಂದ ಉಂಡರು. ಅತ್ತೆ ಮಸಾಲೆಯ ಡಬ್ಬಿ ಇಳಿಸಿಟ್ಟೇ ಮಲಗಿದರು.

ಮಂಗಳವಾರ ಮುಂಜಾನೆ ಬುಟ್ಟಿ ಎತ್ತಿದೆ. ಯವ್ವಾ, ಕೋಳಿ ಎದ್ದು ನಿಂತಿತ್ತು! ನನ್ನ ಬಳೆ ಕುಕ್ಕಿತು. ನಾನು ಅತ್ತೇಬಿಟ್ಟೆ.

ಮಾವ ಬಂದು ನೋಡಿ, "ಭೇಷ್!" ಎಂದರು. "ಇನ್ನ ಕೊಯ್ರಿ."

"ಬದಕೈತಲ್ರೀ ಮಾಂವಾರ! ಮತ್ತ್ಯಾಕ ಕೊಯ್ಯೂದು?"

"ಆರಾಮ ಆಗೈತಂತನ ಕೊಯ್ಯೂದವಾ. ಜಡ್ಡಿನ ಕೋಳಿ ತಿಂತಾರೇನ ಯಾರರೆ?"

ನಿನ್ನೆ ಸಾಯುತ್ತದೆ ಅಂತ ಕೊಯ್ಯಬೇಕಿತ್ತು, ಇವತ್ತು ಬದುಕಿತು ಅಂತ ಕೊಯ್ಯಬೇಕು. ಆ ಮನೆಯ ನ್ಯಾಯವೇ ಹಾಗೆ. ಮೈದುನ ಕಲ್ಲಿನ ಮೇಲೆ ಚೂರಿ ಮಸೆಯುತ್ತ ಕೂತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಕೋಳಿಯನ್ನು ಕಂಕುಳಲ್ಲಿ ಅವಚಿಕೊಂಡು ಅಂಗಳದ ನಡುವೆ ನಿಂತೆ.

"ಕೊಯ್ರಿ. ಆದ್ರ ಮಸಾಲಿ ಅರಿಯಾಕಿ ನಾ ಅಲ್ಲ. ರೊಟ್ಟಿ ಬಡಿಯಾಕಿನೂ ನಾ ಅಲ್ಲ. ಹಸೇದ ತಿನ್ರಿ."

ಗಂಡ ನಗಲು ನೋಡಿದ. "ಹುಚ್ಚಿ, ಒಂದ ಕೋಳಿ ಸಲವಾಗಿ ಇಷ್ಟ್ಯಾಕ ಮಾಡಾಕತ್ತಿ?"

"ಒಂದ ಕೋಳಿನ? ಹ್ವಾದ ಮಳಿಗಾಲದಾಗ ನಾ ಜ್ವರಾ ಬಂದು ಆ ಮೂಲ್ಯಾಗ ಬಿದ್ದಿದ್ದೆ. ನಿನ್ನೆ ಈ ಕೋಳಿನ ಕೇಳಿದಂಗ ಒಬ್ಬರರೆ ಬಂದು, ಹೆಂಗೈತಿ ಅಂತ ಕೇಳಿದ್ರೇನ? ಇಲ್ಲ. ಯಾಕ ಕೇಳ್ತೀರಿ? ನನ್ನ ಕೊಯ್ದು ತಿನ್ನಾಕ ಬರೂದಿಲ್ಲಲ್ಲ!"

ಚೂರಿ ಮಸೆಯುವ ಸದ್ದು ನಿಂತಿತು. ಮಾವ ಕೆಮ್ಮಿದರು. ಈಗ ಅತ್ತೆಯ ಬಾಯಿ ಹರಿಯುತ್ತದೆ, ತವರಿನ ಏಳು ತಲೆಮಾರು ತೆಗೆಯುತ್ತಾರೆ ಎಂದು ನಾನು ಗಟ್ಟಿಯಾಗಿ ನಿಂತೆ.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಮಾವನನ್ನು ನೋಡುತ್ತಿದ್ದರು.

"ನಾ ಮೂರ ಹಡದೆ" ಎಂದರು. "ನನಗರೆ ಯಾರ ಕೇಳಿದ್ರಿ?"

ಮಾವ ತಲೆಗೆ ಪಟಗ ಸುತ್ತಿಕೊಂಡು ಹೊಲದ ಕಡೆ ಹೊರಟೇಬಿಟ್ಟರು. ಅತ್ತೆ ಎದ್ದು ಹೋಗಿ ಮೈದುನನ ಕೈಯಿಂದ ಚೂರಿ ಕಸಿದುಕೊಂಡರು. "ಇವತ್ತ ಕಡ್ಲಿಹಿಟ್ಟಿನ ಝುಣಕಾ" ಎಂದು ಉಳ್ಳಾಗಡ್ಡಿ ಹೆಚ್ಚಲು ಕೂತರು.